ಬುಷಿಗೆ ಸುತ್ತಿದ ತಗಡು

"ಅದನ್ನ ಬಿಚ್ಚಬ್ಯಾಡ ತಮ್ಮಾ. ನಿನ್ನ ಕೈಗಂತ ಕಟ್ಟಿದ್ದಲ್ಲ ಅದು."

ಕಾಶವ್ವ ಗ್ಯಾರೇಜಿನ ಬಾಗಿಲಲ್ಲಿ ನಿಂತು ಹೀಗೆಂದಾಗ ಅಣವೀರಪ್ಪ ಹಳೇ ಪಿಕಪ್ಪಿನ ಬಾನೆಟ್ಟಿನೊಳಗೆ ಸೊಂಟದ ತನಕ ಬಗ್ಗಿದ್ದ. ತಲೆ ಎತ್ತಿದವನೇ ನಕ್ಕುಬಿಟ್ಟ. ದೇವರು ದೆವ್ವ ಎರಡನ್ನೂ ಹುಬ್ಬಳ್ಳಿ ಸ್ಟೇಷನ್ನಿನಲ್ಲೇ ಇಳಿಸಿ ಮುಂಬಯಿ ಗಾಡಿ ಹತ್ತಿದೆ ಎಂದು ಹೇಳಿಕೊಂಡು ತಿರುಗುವ ಆಸಾಮಿ ಅವನು. ಬಾಯಿ ಸ್ವಲ್ಪ ಜಾಸ್ತಿ, ಕೈ ಮಾತ್ರ ಬಂಗಾರ. ಕೈ ಕೆಸರಾದರೆ ಬಾಯಿ ಮೊಸರು ಎಂಬ ಒಂದೇ ಮಾತನ್ನು ನಂಬಿ ಈ ಊರಿಗೆ ಬಂದಿದ್ದ.

ಮುಂಬಯಿಯ ಸಯನ್ನಿನ ಆ ಗ್ಯಾರೇಜು, ಅದರ ಹಿಂದಿನ ಒಂದೇ ಕೋಣೆಯ ಖೋಲಿ, ಈ ಪಿಕಪ್ಪು ಎಲ್ಲವೂ ಗುರಲಿಂಗಪ್ಪ ಸಾಹುಕಾರನದು. ಬೆಳಗಾವಿ ಕಡೆಯವನು, ಉಳ್ಳಾಗಡ್ಡಿ ವ್ಯಾಪಾರಿ. ಪಿಕಪ್ಪು ಯಾವುದೋ ಕಾಲದ ಅಮೇರಿಕನ್ ಮಾಲು. ಅದರ ಗೇರ್ ದಾಂಡಿ ನೆಲದಲ್ಲಿಲ್ಲ, ಸ್ಟಿಯರಿಂಗ್ ಕಂಬಕ್ಕೇ ಅಂಟಿಕೊಂಡಿದೆ. ಕಂಬದ ಬುಡದ ಬುಷ್ ಎಂಬ ಲೋಹದ ಬಳೆ ಸವೆದು, ಅಲ್ಲಿರುವ ಎರಡು ಕಬ್ಬಿಣದ ತೋಳುಗಳು ಒಂದಕ್ಕೊಂದು ಕಚ್ಚಿಕೊಳ್ಳುತ್ತಿದ್ದವು. ಆಗ ನಡುರಸ್ತೆಯಲ್ಲಿ ಇಳಿದು, ಬಾನೆಟ್ ಎತ್ತಿ, ಕೈಯಿಂದ ಅವನ್ನು ಬಿಡಿಸಬೇಕು. ಹಾಗೆ ಬಿಡಿಸುವಾಗಲೇ ಹೋದ ವರ್ಷ ಗಾಡಿ ಮುಂದಕ್ಕೆ ಜಿಗಿದು ಡ್ರೈವರ್ ಭೀಮರಾಯನನ್ನು ಗೋಡೆಗೆ ಒತ್ತಿ ಕೊಂದಿತ್ತು. ಕಾಶವ್ವ ಅವನ ಹೆಂಡತಿ. ಈಗ ಪಕ್ಕದ ಚಾಳಿನ ಮನೆಗಳಲ್ಲಿ ಮುಸುರೆ ತಿಕ್ಕುತ್ತಾಳೆ.

"ಬುಷ್ ಹಾಕಸ್ರಿ ಅಂತ ನನ್ನ ಗಂಡ ಬಾಯಿ ಬಡಕೊಂಡ. ಸಾಹುಕಾರ ಕೇಳಲಿಲ್ಲ," ಎಂದಳು ಕಾಶವ್ವ. "ಸತ್ತ ಮ್ಯಾಲೆ ನಾನ ಮಾಟ ಮಾಡಿಸಿ ಆ ತಗಡ ಕಟ್ಟಿಸೇನಿ. ನನ್ನ ಗಂಡನ ಕೈ ಅಲ್ಲೇ ಕಾಯ್ತೈತಿ. ಸಾಹುಕಾರನ ಕೈ ಬಂದ್ರ ಅದನ್ನ ತನ್ನ ಜಾಗಾಕ್ಕ ಹಿಡದಿಟ್ಟು ಇದು ಬಿಡುಗಡಿ ಆಗ್ತೈತಿ. ಅಂವನ ಬಂದು ಬಿಚ್ಚಲಿ."

"ಬ್ಯಾರೆ ಕೈ ಬಂದ್ರ?"

"ಅದಕ್ಕ ಕಣ್ಣಿಲ್ಲೋ ಯಪ್ಪಾ."

ಅಣವೀರಪ್ಪ ಮತ್ತೆ ನಕ್ಕ. ಆದರೆ ತಗಡು ಇದ್ದದ್ದು ನಿಜ. ಕಂಬದ ಬುಡದಲ್ಲಿ ಕರಿದಾರ ಬಿಗಿದ ತಾಮ್ರದ ತಗಡು, ಮೇಲೆ ಮೊಳೆಯಿಂದ ಗೀರಿದ ಗೆರೆಗಳು, ಗ್ರೀಸಿನಲ್ಲಿ ಕಪ್ಪಾದ ಕುಂಕುಮ. ಮೂಗಿನ ಹತ್ತಿರ ತಂದರೆ ಸುಟ್ಟ ಕೂದಲಿನ ವಾಸನೆ.

ಗುರಲಿಂಗಪ್ಪ ದೂರದಲ್ಲೇ ನಿಂತಿದ್ದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ. ಭೀಮರಾಯ ಸತ್ತಂದಿನಿಂದ ಆ ಬಾನೆಟ್ಟಿಗೆ ಬೆರಳು ತಾಗಿಸಿರಲಿಲ್ಲ. ಏನಿದ್ದರೂ ಬೇರೆಯವರ ಕೈಯಿಂದಲೇ ಮಾಡಿಸುತ್ತಿದ್ದ.

"ನಾಳೆ ಮಾರ್ಕೆಟ್ಟಿಗೆ ಗಾಡಿ ಹೊಂಡಬೇಕು ನೋಡು. ಹೊಂಟ್ರ ಹಿಂದಿನ ಖೋಲಿ ನಿಂದ. ಹೆಂಡ್ತೀನ್ನ ಕರಸ್ಕೊ."

ಆ ಮಾತಿಗೆ ಅಣವೀರಪ್ಪನ ಎದೆ ತುಂಬಿ ಬಂತು. ಹೆಂಡತಿ ಗಂಗುಬಾಯಿ ಎಳೆಗೂಸು ಕಟ್ಟಿಕೊಂಡು ನಾದಿನಿಯ ಮನೆಯಲ್ಲಿ ಬೈಸಿಕೊಂಡು ಉಣ್ಣುತ್ತಿದ್ದಳು. ಮುಂಬಯಿಯಲ್ಲಿ ಕೆಲಸ ಸಿಕ್ಕೀತು, ಖೋಲಿ ಸಿಗುವುದುಂಟೇ? ಆ ಖೋಲಿಗಾಗಿ ಅವನು ಎಂಥ ತಗಡನ್ನಾದರೂ ಬಿಚ್ಚುತ್ತಿದ್ದ.

ಬಿಚ್ಚಿದ್ದಷ್ಟೇ ಆಗಿದ್ದರೆ ಏನಾಗುತ್ತಿತ್ತೋ. ಹೊಸ ಬುಷ್ ಎಲ್ಲೂ ಸಿಗಲಿಲ್ಲ. ಹಳೆಯದರ ಸಡಿಲಿಗೆ ಏನಾದರೂ ಸುತ್ತಿ ಬಿಗಿ ಮಾಡಬೇಕಿತ್ತು. ಕೈಯಲ್ಲಿ ತಾಮ್ರ ಇತ್ತು, ತೆಳ್ಳಗೆ, ಅಳತೆ ಮಾಡಿದ ಹಾಗೆ. ಒಳ್ಳೆಯ ಲೋಹ ಎಸೆಯುವ ಮಿಸ್ತ್ರಿ ಮಿಸ್ತ್ರಿಯೇ ಅಲ್ಲ. ಕತ್ತರಿಯಿಂದ ಗೆರೆಗಳ ನಡುವೆಯೇ ಕತ್ತರಿಸಿ, ಬುಷಿನೊಳಕ್ಕೆ ಸುತ್ತಿದ. ಬಾಗಿಲಲ್ಲಿ ಕಾಶವ್ವ ಬಾಯಿಗೆ ಸೆರಗು ಒತ್ತಿಕೊಂಡು ಓಡಿಹೋದಳು.

ಸಂಜೆಯಾಯಿತು. ಅದು ಪಾಕಿಸ್ತಾನದ ಜತೆ ಲಡಾಯಿ ಹತ್ತಿದ ಡಿಸೆಂಬರ್. ವಿಮಾನದಾಳಿಗೆ ಹೆದರಿ ಕಿಟಕಿಗಳಿಗೆಲ್ಲ ಕರಿಕಾಗದ, ಗಾಡಿಯ ದೀಪಗಳಿಗೆ ಅರ್ಧ ಕರಿಬಣ್ಣ. ಅಣವೀರಪ್ಪ ಕ್ಯಾಬಿನ್ನಿನ ನೆಲದಲ್ಲಿ ಅಂಗಾತ ಮಲಗಿ, ಕಂಬದ ತೂತಿನೊಳಗೆ ಮೊಣಕೈ ತನಕ ಬಲಗೈ ತೂರಿಸಿದ್ದ.

"ಸಾಹುಕಾರ್ರ, ಬಾನೆಟ್ ಕಡಿಂದ ಕೆಳಗಿನ ತೋಳು ಹಿಡೀರಿ. ನಾ ಬುಷ್ ಕೂಡಸ್ತೀನಿ. ಯಾವ ದೆವ್ವೂ ಕಚ್ಚೂದಿಲ್ಲ."

ಅತ್ತ ಕಡೆ ಗುರಲಿಂಗಪ್ಪ "ಹೂಂ" ಅಂದ. ಅಷ್ಟರಲ್ಲಿ ಸೈರನ್ ಊಳಿಟ್ಟಿತು. ಬೀದಿಯಲ್ಲಿ "ಬತ್ತಿ ಬಂದ್ ಕರೋ!" ಎಂಬ ಕೂಗು. ಗ್ಯಾರೇಜಿನ ಬಲ್ಬು ಆರಿತು. ಕಣ್ಣು ಮುಚ್ಚಿದರೂ ತೆರೆದರೂ ಒಂದೇ ಎಂಬಂಥ ಕತ್ತಲೆ. ಎಣ್ಣೆಯ ವಾಸನೆ, ತುಕ್ಕಿನ ವಾಸನೆ, ಅದರ ಒಳಗಿನಿಂದ ಸುಟ್ಟ ಕೂದಲಿನ ವಾಸನೆ.

ಆದರೂ ಕೆಲಸ ನಿಲ್ಲಲಿಲ್ಲ. ಆಚೆ ತೋಳನ್ನು ಹಿಡಿದ ಕೈ ಗಟ್ಟಿಯಾಗಿತ್ತು. ಬೇಕಾದಾಗ ಎಳೆಯಿತು, ಬೇಕಾದಾಗ ಬಿಟ್ಟಿತು. ಬುಷ್ ಕಟಕ್ಕನೆ ಕೂತಿತು. ಬೆರಳಿಗೆ ಬೆರಳು ತಾಗಿತು.

"ಶಾಣ್ಯಾ ಅದೀರಿ ಸಾಹುಕಾರ್ರ! ಕೈ ಮಾತ್ರ ಭಾಳ ತಣ್ಣಗದಾವ."

ಆ ತಣ್ಣನೆಯ ಬೆರಳುಗಳು ಅವನ ಬೆರಳುಗಳ ಸಂದಿಗೆ ಇಳಿದವು.

ಆಗ ದೂರದಿಂದ, ಚಾಳಿನ ಮೆಟ್ಟಿಲ ಮೇಲಿಂದ, ಗುರಲಿಂಗಪ್ಪನ ದನಿ ಕೇಳಿತು. "ಅಣವೀರಪ್ಪಾ, ಬತ್ತಿ ಹಚ್ಚಬ್ಯಾಡೋ! ಬತ್ತಿ ನೋಡೋ ವಾರ್ಡನ್ ಬಂದಾನ!"

ಅಣವೀರಪ್ಪ ಕೈ ಎಳೆದ. ಬರಲಿಲ್ಲ. ಕಿರುಚಿದ. ಸೈರನ್ ಅದನ್ನೂ ನುಂಗಿತು. ಗಾಡಿಯ ಚಾವಿ ಅವನ ಜೇಬಿನಲ್ಲೇ ಇತ್ತು. ಇಂಜಿನ್ ಕೆಮ್ಮಿತು. ತಲೆಯ ಮೇಲೆ ಗೇರ್ ದಾಂಡಿ ತಾನಾಗಿ ಎದ್ದಿತು. ಬಿತ್ತು. ಗಾಡಿ ಜಿಗಿಯಿತು. ಎರಡು ತೋಳುಗಳು ಕಚ್ಚಿಕೊಂಡವು. ನಡುವೆ ಅವನ ಕೈ.

ಆಸ್ಪತ್ರೆಯಲ್ಲಿ ಮಣಿಕಟ್ಟಿನಿಂದ ಕೆಳಗೆ ತೆಗೆದುಹಾಕಿದರು. ಎಚ್ಚರವಾದಾಗ ಮಗ್ಗುಲಲ್ಲಿ ಕಾಶವ್ವ ಕೂತಿದ್ದಳು. ಅತ್ತೂ ಅತ್ತೂ ಮುಖ ಊದಿತ್ತು.

"ನನ್ನ ಗಂಡ ಕನಸಿನ್ಯಾಗ ಬಂದಿದ್ದ. ಕೈ ಬೀಸ್ಕೋತ ಹ್ವಾದ. ಎತ್ತಿಗೆ ಜ್ವರ ಬಂದ್ರ ಎಮ್ಮಿಗೆ ಬರಿ ಎಳದಂಗಾತಲ್ಲೋ ತಮ್ಮಾ. ಈಗ ಅಲ್ಲಿರೂದು ನಿನ್ನ ಕೈ."

ಗುರಲಿಂಗಪ್ಪ ಮಾತಿಗೆ ತಪ್ಪಲಿಲ್ಲ. ಖೋಲಿ ಕೊಟ್ಟ, ಗ್ಯಾರೇಜು ಕಾಯುವ ಕೆಲಸವನ್ನೂ ಕೊಟ್ಟ. ಗಂಗುಬಾಯಿ ಕೂಸಿನೊಂದಿಗೆ ಬಂದಳು, ಗಂಡನ ಮೊಂಡುಗೈ ಎದೆಗೊತ್ತಿಕೊಂಡು ಅತ್ತಳು, ಮಾರನೆಯ ದಿನ ಒಲೆ ಹೂಡಿದಳು. ಹೊಸ ಡ್ರೈವರ್ ಗಾಡಿಯನ್ನು ಹೊಗಳಿದ್ದೇ ಹೊಗಳಿದ್ದು. ಗೇರು ಬೆಣ್ಣೆಯಂತೆ ಬೀಳುತ್ತದೆ, ಕೆಳಗೆ ಯಾರೋ ಕೂತು ಹಾಕಿಕೊಟ್ಟ ಹಾಗೆ.

ಯಾರು ಎಂದು ಅಣವೀರಪ್ಪನಿಗೆ ಗೊತ್ತಿತ್ತು. ಪಿಕಪ್ಪು ಗ್ರಾಂಟ್ ರೋಡಿನ ಗರ್ದಿಯಲ್ಲಿ ತೆವಳುವಾಗ ಇವನು ಖೋಲಿಯಲ್ಲಿ ಕೂತು ಪ್ರತಿ ಗೇರನ್ನೂ ಎಣಿಸುತ್ತಿದ್ದ. ಇಲ್ಲದ ಕೈಗೆ ತಣ್ಣನೆಯ ಕಬ್ಬಿಣ ತಾಗುತ್ತಿತ್ತು. ಎಳೆಯುತ್ತಿತ್ತು, ಬಿಡುತ್ತಿತ್ತು. ತಗಡು ತೆಗೆಸಿರೆಂದು ಸಾಹುಕಾರನ ಕಾಲಿಗೆ ಬಿದ್ದ. "ಚಲೋ ನಡದ ಗಾಡಿ ಯಾರರ ಬಿಚ್ಚತಾರೇನೋ?" ಎಂದು ಅವನು ನಕ್ಕ. ಅಣವೀರಪ್ಪ ಗಂಗುಬಾಯಿಗೆ ಹೇಳಲಿಲ್ಲ. ಮಾಟಕ್ಕೆ ನಕ್ಕವನು ಮಾಟಕ್ಕೆ ಹೆದರಿದೆನೆಂದು ಹೆಂಡತಿಯ ಮುಂದೆ ಒಪ್ಪಿಕೊಳ್ಳುವುದು ಹೇಗೆ? ಆ ಹಮ್ಮೊಂದು ಅವನಲ್ಲಿ ಇನ್ನೂ ಉಳಿದಿತ್ತು.

ಒಂದು ಮಧ್ಯಾಹ್ನ ಪಿಕಪ್ಪು ಅಂಗಳಕ್ಕೆ ಬಂದು ನಿಂತಿತು. ಗೇರು ಕಚ್ಚಿಕೊಂಡಿತ್ತು. ಇಂಜಿನ್ ಗುಡುಗುಡು ಅನ್ನುತ್ತಲೇ ಇತ್ತು. ಜ್ವರ ಬಂದು ಖೋಲಿಯಲ್ಲಿ ಮಲಗಿದ್ದ ಅಣವೀರಪ್ಪನಿಗೆ ನಳದ ಬಳಿ ಗಂಗುಬಾಯಿ ಬಟ್ಟೆ ಒಗೆಯುವ ಸದ್ದು ನಿಂತದ್ದು ತಿಳಿಯಿತು. ಆಮೇಲೆ ಗುರಲಿಂಗಪ್ಪನ ಮಾತು.

"ತಂಗೀ, ಡ್ರೈವರ್ ಚಾ ಕುಡ್ಯಾಕ ಹೋಗ್ಯಾನ. ಆ ಕಬ್ಬಿಣ ಒಂಚೂರು ಎಳದ ಹಿಡಿಯವ್ವಾ. ನಿನ್ನ ಸಣ್ಣ ಕೈ ಒಳಗ ಸಲೀಸ ಹೊಕ್ಕೈತಿ."

ಇಲ್ಲದ ಬೆರಳುಗಳಿಗೆ ಒದ್ದೆ ಬೆರಳು ತಾಗಿತು. ಬಟ್ಟೆ ಒಗೆದ ಸಬಕಾರದ ನುಣುಪು. ಗಾಜಿನ ಬಳೆ.

"ಗಂಗೂ! ಕೈ ತಗೀ! ಕೈ ತಗೀ!"

"ಏನಂದ್ರೀ?" ಎಂದಳು ಗಂಗುಬಾಯಿ. ಇಂಜಿನ್ನಿನ ಸದ್ದಿಗೆ ಕೇಳಿಸಿರಲಿಲ್ಲ. ಕೈ ತೆಗೆಯಲಿಲ್ಲ.

ಅವನ ಬೆರಳುಗಳು ಮಡಚಿಕೊಳ್ಳತೊಡಗಿದವು. ಅವನು ಮಡಚಲಿಲ್ಲ, ಅವೇ ಮಡಚಿದವು. ಎಡಗೈಯಿಂದ ಬಲಗೈಯನ್ನು ಹಿಡಿದು ನಿಲ್ಲಿಸಲು ಹೋದ.

ಹಿಡಿಯಲು ಅಲ್ಲಿ ಕೈ ಇರಲಿಲ್ಲ. ಹೊರಗೆ ಬಳೆ ಒಡೆದ ಸದ್ದಾಯಿತು.