ಮೂಲೆ ಹೊಲಿದಿದ್ದ ಬೆಡ್‌ಶೀಟ್

ಬುಧವಾರ ಬೆಳಿಗ್ಗೆ ಹತ್ತೂಕಾಲಿಗೆ ಸರ್ಕಾರಿ ಆಸ್ಪತ್ರೆಯ ಸ್ಟೋರ್ ಕೀಪರ್ ಠಾಣೆಗೆ ಬಂದು ದೂರು ಕೊಟ್ಟರು. ಕಳುವಾಗಿದ್ದು ಒಂದು ಬೆಡ್‌ಶೀಟ್. ಇನ್‌ಸ್ಪೆಕ್ಟರ್ ದೂರನ್ನು ಎರಡು ಸಲ ಓದಿದರು.

“ಒಂದೇನಾ?”

“ಒಂದೇ ಸಾರ್. ಆದ್ರೆ ಅದು ಟೆಂಡರ್‌ಗೆ ಬಂದ ಮಾದರಿ. ಪ್ಲಾಸ್ಟಿಕ್ ಕವರ್‌ಗೆ ಸೀಲ್ ಹಾಕಿ ಇಟ್ಟಿದ್ದೆ. ನನ್ನ ಕೆಲಸಕ್ಕೇ ಕುತ್ತು ಬಂತು.”

ಆಸ್ಪತ್ರೆಗೆ ಬೆಡ್‌ಶೀಟ್ ಪೂರೈಸುವ ಗುತ್ತಿಗೆ ಈ ಸಲ ಒಂದು ದೊಡ್ಡ ಕಂಪನಿಗೆ ಸಿಕ್ಕಿತ್ತು. ಹತ್ತು ವರ್ಷದಿಂದ ಹೊಲಿದುಕೊಡುತ್ತಿದ್ದ ಇಪ್ಪತ್ತೆರಡು ಹೆಂಗಸರ ಹೊಲಿಗೆ ಕೇಂದ್ರ ಸೋತಿತ್ತು. ಬೇರೆ ಕೆಲಸವಿಲ್ಲದ ಆ ಕೇಂದ್ರಕ್ಕೆ ಇದು ಕೈತಪ್ಪಿದರೆ ಬಾಗಿಲು ಮುಚ್ಚುವುದೊಂದೇ ದಾರಿ. ಲಿಖಿತ ಆಕ್ಷೇಪಣೆ ಸಲ್ಲಿಸಲು ಶುಕ್ರವಾರ ಸಂಜೆ ಐದರವರೆಗೆ ಗಡುವು. ಸೋತವರು ಗೆದ್ದವರ ಮಾದರಿಯನ್ನು ಕವರಿನ ಮೇಲಿಂದ ನೋಡಬಹುದು, ಬಿಚ್ಚುವ ಹಾಗಿಲ್ಲ. ಮಂಗಳವಾರ ಈ ಕೇಂದ್ರದವರೂ ಸೇರಿ ಐದು ಸಂಸ್ಥೆಯವರು ಬಂದು ನೋಡಿಹೋಗಿದ್ದರು. ಎಫ್‌ಐಆರ್ ದಾಖಲಾಯಿತು.

ಗುರುವಾರ ಒಂಬತ್ತಕ್ಕೆ ಸ್ಟೋರ್ ಕೀಪರ್ ಫೋನ್ ಮಾಡಿದರು. “ಸಿಕ್ತು ಸಾರ್! ಯಾರೋ ಆಸ್ಪತ್ರೆ ವಿಚಾರಣೆ ಕಿಟಕೀಲಿ ಇಟ್ಟು ಹೋಗಿದಾರೆ. ಕೇಸು ಬಿಟ್ಟುಬಿಡೋಣ.”

“ಎಫ್‌ಐಆರ್ ಅಂದ್ರೆ ಬಸ್ ಟಿಕೆಟ್ಟೇನ್ರೀ, ಹರಿದು ಬಿಸಾಕೋಕೆ?”

ಇನ್‌ಸ್ಪೆಕ್ಟರ್ ಜೊತೆ ಆಸ್ಪತ್ರೆಗೆ ಬಂದ ಹೆಡ್ ಕಾನ್‌ಸ್ಟೆಬಲ್ ಬೆಡ್‌ಶೀಟನ್ನು ಬಿಡಿಸಿದಳು. ಒಗೆದು ಇಸ್ತ್ರಿ ಮಾಡಲಾಗಿತ್ತು. ಅವಳ ತಾಯಿ ಹೊಲಿಗೆ ಯಂತ್ರ ತುಳಿದೇ ಐದು ಮಕ್ಕಳನ್ನು ಸಾಕಿದವರು. ಅವಳ ಬೆರಳು ಒಂದು ಮೂಲೆಯಲ್ಲಿ ನಿಂತಿತು.

“ಇಲ್ಲಿ ಹೊಲಿಗೆ ಬೇರೆ ಇದೆ ಸಾರ್.”

“ಅಲ್ಲಿ ದಾರ ಬಿಚ್ಚಿ ಜೋತಾಡ್ತಿತ್ತು” ಎಂದರು ಸ್ಟೋರ್ ಕೀಪರ್. “ಕವರಲ್ಲೇ ಕಾಣ್ತಿತ್ತು.”

“ಕದ್ದೋರು ರಿಪೇರಿ ಮಾಡಿ ವಾಪಸ್ ಕೊಟ್ಟಿದಾರೆ. ಇಂಥ ಕಳ್ಳರು ನನ್ನ ಸರ್ವಿಸಲ್ಲೇ ಸಿಕ್ಕಿಲ್ಲ” ಎಂದರು ಇನ್‌ಸ್ಪೆಕ್ಟರ್.

“ಬಿಚ್ಚಿದ ಹೊಲಿಗೆ ಕಂಡ್ರೆ ಕೆಲವರಿಗೆ ಕೈ ಸುಮ್ನಿರಲ್ಲ ಸಾರ್. ನಮ್ಮಮ್ಮ ಒಂದ್ಸಲ ಬಸ್ಸಲ್ಲಿ ಯಾರದೋ ಕೋಟಿನ ಗುಂಡಿ ಹೊಲಿದುಬಿಟ್ಟಿದ್ರು.”

ದಾರದ ತುದಿಯನ್ನು ಕತ್ತರಿಸದೆ ಮಡಿಕೆಯೊಳಗೆ ಸೇರಿಸಿದ್ದನ್ನು ಅವಳು ಗುರುತು ಹಾಕಿಕೊಂಡಳು.

ಶುಕ್ರವಾರ ಹನ್ನೊಂದಕ್ಕೆ ಪೊಲೀಸರಿಬ್ಬರೂ ಹೊಲಿಗೆ ಕೇಂದ್ರಕ್ಕೆ ಹೋದರು. ಒಡತಿ ಆಕ್ಷೇಪಣೆಯ ನಾಲ್ಕನೇ ಕರಡು ಮುಂದಿಟ್ಟುಕೊಂಡು ತಲೆ ಮೇಲೆ ಕೈ ಹೊತ್ತು ಕುಳಿತಿದ್ದಳು. ಹೆಡ್ ಕಾನ್‌ಸ್ಟೆಬಲ್ ಹೊಲಿದಿಟ್ಟ ಬಟ್ಟೆಗಳ ಮೂಲೆಗಳನ್ನು ಒಂದೊಂದಾಗಿ ನೋಡಿದಳು. ಎಲ್ಲರೂ ದಾರವನ್ನು ಅಂಚಿಗೆ ಕತ್ತರಿಸಿದ್ದರು. ಒಂದು ಕಟ್ಟಿನ ಬಟ್ಟೆಗಳಲ್ಲಿ ಮಾತ್ರ ತುದಿಗಳು ಒಳಗೆ ಸೇರಿದ್ದವು.

“ಇದನ್ನ ಯಾರು ಹೊಲಿದಿದ್ದು?”

ಯಂತ್ರಗಳ ಸದ್ದು ನಿಂತಿತು. ಕತ್ತರಿಸುವ ಮೇಜಿನ ಹತ್ತಿರ ಒಡತಿಯ ಅಕ್ಕ, ಎಲ್ಲರ ಬಾಯಲ್ಲೂ ದೊಡ್ಡಕ್ಕ, ಕನ್ನಡಕ ತೆಗೆದರು.

“ನಾನೇ. ಶೀಟ್ ತಂದವಳೂ ನಾನೇ. ಸ್ಟೋರಿನವರು ರಿಜಿಸ್ಟರ್ ತರೋಕೆ ಹೋದಾಗ ಚೀಲಕ್ಕೆ ಹಾಕ್ಕೊಂಡೆ. ನನ್ನ ತಂಗಿಗೆ ಗೊತ್ತಿಲ್ಲ.”

“ಯಾಕೆ?”

“ಒಗೆದು ನೋಡೋಕೆ. ಒಗೆದ್ರೆ ಎರಡು ಇಂಚಿಗಿಂತ ಜಾಸ್ತಿ ಕುಗ್ಗಬಾರದು ಅಂತ ಟೆಂಡರಲ್ಲೇ ಇದೆ. ನೀವೇ ಒಗೆದು ನೋಡಿ ಅಂತ ಅರ್ಜಿ ಕೊಟ್ವಿ. ಸೀಲ್ ಬಿಚ್ಚಲ್ಲ ಅಂದ್ರು.”

“ಎಷ್ಟು ಕುಗ್ತು?”

“ಏಳು ಇಂಚು.”

“ಏನು ಮಾಡಿಬಿಟ್ಟೆ ಅಕ್ಕಾ!” ಒಡತಿ ಅತ್ತೇಬಿಟ್ಟಳು. “ಇನ್ನು ನಮ್ಮ ಮಾತನ್ನ ಯಾರು ನಂಬ್ತಾರೆ? ಕಳ್ಳರ ಅರ್ಜಿ ಅಂತ ಬಿಸಾಕ್ತಾರೆ.”

ಇನ್‌ಸ್ಪೆಕ್ಟರ್ ಮೇಜಿನ ಮೇಲಿದ್ದ ಕರಡನ್ನು ಕೊನೆಯವರೆಗೂ ಓದಿದರು. ಆದರೂ ಹನ್ನೆರಡೂ ನಲವತ್ತಕ್ಕೆ ದೊಡ್ಡಕ್ಕನ ಬಂಧನವಾಯಿತು.

ಎರಡು ಗಂಟೆಗೆ, ಸಿಕ್ಕ ಮಾಲನ್ನು ಗುರುತಿಸಲು ಗುತ್ತಿಗೆ ಗೆದ್ದ ಕಂಪನಿಯ ಮ್ಯಾನೇಜರ್ ಠಾಣೆಗೆ ಬಂದರು. ಬೆಡ್‌ಶೀಟ್ ತಮ್ಮದೇ ಎಂದು ಕೂಡಲೇ ಒಪ್ಪಿಕೊಂಡು, ಕಳ್ಳರನ್ನು ಕಪ್ಪುಪಟ್ಟಿಗೆ ಸೇರಿಸಿ ಎಂದು ಹಾರಾಡಿದರು.

“ಪಂಚನಾಮೆಗೆ ಉದ್ದ, ಅಗಲ ಬರಿ” ಎಂದರು ಇನ್‌ಸ್ಪೆಕ್ಟರ್.

“ಅಳತೆ ಯಾಕೆ ಸಾರ್? ನಮ್ದೇ ಅಂದ್ನಲ್ಲ.”

“ಕಳುವಾದ ಮಾಲು. ಅಳತೆ ಇಲ್ದೆ ಹೇಗ್ರೀ ಬರೆಯೋದು?”

ಟೆಂಡರ್ ಕಡತದಲ್ಲಿ ಉದ್ದ ತೊಂಬತ್ತು ಇಂಚು ಎಂದಿತ್ತು. ಟೇಪು ಎಂಬತ್ತಮೂರಕ್ಕೆ ಮುಗಿಯಿತು. ನಾಲ್ಕೂ ಅಂಚಿನ ಮಡಿಕೆ ಹಾಗೇ ಇದೆ, ಕತ್ತರಿಸಿಲ್ಲ. ಒಂದು ಮೂಲೆ ಮತ್ತೆ ಹೊಲಿದಿದೆ. ಒಗೆದಿದ್ದಾಗಿ ಆರೋಪಿ ಒಪ್ಪಿದ್ದಾರೆ ಎಂದು ಬರೆಯಲಾಯಿತು. ಇಬ್ಬರು ಪಂಚರು ಸಹಿ ಹಾಕಿದರು. ಮಾಲು ಗುರುತಿಸಿದವರ ಜಾಗದಲ್ಲಿ ಸಹಿ ಹಾಕುವಾಗ ಮ್ಯಾನೇಜರ್ ಮುಖ ಇಂಗು ತಿಂದ ಮಂಗನಂತಾಗಿತ್ತು.

ಒಡತಿ ಪಂಚನಾಮೆಯ ಪ್ರತಿ ಕೇಳಿ ಅರ್ಜಿ ಕೊಟ್ಟಳು, ಇನ್‌ಸ್ಪೆಕ್ಟರ್ ಅಲ್ಲೇ ಮಂಜೂರು ಮಾಡಿದರು. ನಾಲ್ಕೂ ಮೂವತ್ತೈದಕ್ಕೆ, ಅದನ್ನು ಲಗತ್ತಿಸಿದ ಆಕ್ಷೇಪಣೆಯ ಮೇಲೆ ಆಸ್ಪತ್ರೆ ಕಚೇರಿಯ ಸ್ವೀಕೃತಿ ಮೊಹರು ಬಿತ್ತು. ಕಚೇರಿ ಏನು ತೀರ್ಮಾನಿಸುತ್ತದೋ ಯಾರಿಗೂ ಗೊತ್ತಿರಲಿಲ್ಲ.

ಐದಕ್ಕೆ ದೊಡ್ಡಕ್ಕನ ಹೇಳಿಕೆ ದಾಖಲಾಯಿತು.

“ನಮ್ಮಮ್ಮ ಕೊನೇ ಎರಡು ತಿಂಗಳು ಅದೇ ಆಸ್ಪತ್ರೇಲಿದ್ರು, ಆಗಿನ್ನೂ ಗುತ್ತಿಗೆ ಬೇರೆಯವರದು. ಕುಗ್ಗಿದ ಶೀಟು. ತಲೆ ಕಡೆ ಎಳೆದ್ರೆ ಕಾಲ ಕೆಳಗೆ ಬರೀ ರೆಕ್ಸಿನ್ನು. ಹಿಮ್ಮಡಿ ಚರ್ಮ ಅಂಟಿಕೊಂಡು ಕಿತ್ತು ಬರ್ತಿತ್ತು. ಅವರು ಹೋದ ಮೇಲೇನೇ ನಾವು ಅಕ್ಕತಂಗೀರು ಈ ಕೆಲಸ ಹಿಡಿದಿದ್ದು.”

ಹೆಡ್ ಕಾನ್‌ಸ್ಟೆಬಲ್ ಪೆನ್ನು ಎತ್ತಿ ಕೇಳಿದಳು. “ಕಾರಣ ಅನ್ನೋ ಕಡೆ ಲಾಭದ ಉದ್ದೇಶ ಅಂತ ಬರೀಲಾ ಸಾರ್?”

“ಬೇಡಮ್ಮ. ಅವರು ಹೇಳಿದ್ದನ್ನೇ ಬರಿ.”