ಇಂಜಿನ್ನಿನೊಳಗೆ ಹೋದ ಸ್ಕಿಪ್ಪಿಂಗ್ ಹಗ್ಗ

“ಮಾಮಾ, ಬೇಡ! ಅಮ್ಮ ಬಯ್ತಾಳೆ!”

ಪೀಪಿ ಕೂಗುವಷ್ಟರಲ್ಲಿ ಮಾಮ ದಪ್ಪ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿನ ಸಂದಿಗೆ ಇಟ್ಟು ಸುತ್ತಿಗೆ ಎತ್ತಿಯಾಗಿತ್ತು. ಗ್ಯಾರೇಜಿನ ಮೂಲೆಯಿಂದ ಅಮ್ಮ ಓಡಿಬಂದು ಅವನ ಕೈ ಹಿಡಿದಳು.

“ಏನೋ ನಿಂದು ಆತುರ! ಒಂದು ಗೀರು ಬಿದ್ರೂ ಅಲ್ಲಿಂದ ನೀರು ಸೋರುತ್ತೆ.”

“ಮತ್ತೇನಕ್ಕಾ ಮಾಡ್ಲಿ? ಬೋಲ್ಟೆಲ್ಲ ಬಿಚ್ಚಿದ್ದಾಯ್ತು. ಮರದ ಸುತ್ತಿಗೇಲಿ ಬಡಿದು ಬಡಿದು ನನ್ನ ತೋಳೇ ಬಿದ್ದು ಹೋಯ್ತು. ಈ ಹೆಡ್ಡು ಜಪ್ಪಯ್ಯ ಅಂದ್ರೂ ಅಲ್ಲಾಡ್ತಿಲ್ಲ!”

ಹೆಡ್ಡು ಅಂದರೆ ಇಂಜಿನ್ನಿನ ಮೇಲಿನ ಭಾರವಾದ ಮುಚ್ಚಳ. ಅದು ತುಕ್ಕು ಹಿಡಿದು ಕೆಳಗಿನ ಭಾಗಕ್ಕೆ ಅಂಟಿಕೊಂಡುಬಿಟ್ಟಿತ್ತು. ಅದನ್ನು ಎತ್ತದೆ ರಿಪೇರಿ ಸಾಧ್ಯವೇ ಇರಲಿಲ್ಲ. ಕಾರು ನರ್ಸಮ್ಮನದು. ಊರಾಚೆಯ ಮನೆಯಲ್ಲಿ ಒಬ್ಬಾಕೆಗೆ ದಿನ ತುಂಬಿತ್ತು. ನಾಳೆ ಬೆಳಿಗ್ಗೆ ನರ್ಸಮ್ಮ ಅಲ್ಲಿರಲೇಬೇಕಿತ್ತು.

ಪೀಪಿಗೋ, ಆ ಕಾರನ್ನು ಕಂಡರೇ ಆಗುತ್ತಿರಲಿಲ್ಲ. ಅವಳು ಹುಟ್ಟಿದ್ದು ಅದರ ಹಿಂದಿನ ಸೀಟಿನಲ್ಲಂತೆ. ಹುಟ್ಟಿದ ಕೂಡಲೇ ಹಾರನ್ನಿನ ಹಾಗೆ ಕಿರುಚಿದಳಂತೆ. ಅದಕ್ಕೇ ಪೀಪಿ ಅಂತ ಹೆಸರು. ಈ ಕತೆ ಹೇಗೋ ಸ್ಕೂಲಿಗೂ ತಲುಪಿ, ಅವಳು ಕ್ಲಾಸಿಗೆ ಕಾಲಿಟ್ಟರೆ ಸಾಕು, “ಪೀಂ ಪೀಂ! ಸೈಡು ಬಿಡ್ರೋ!” ಅನ್ನುತ್ತಿದ್ದರು. ರಸ್ತೆಯಲ್ಲಿ ಆ ಕಾರು ಬಂದರೆ ಪೀಪಿ ಯಾರದಾದರೂ ಬೆನ್ನ ಹಿಂದೆ ಅಡಗುತ್ತಿದ್ದಳು.

“ಹಗ್ಗ ಹಾಕಿ ಎತ್ತೋಣ,” ಅಂದಳು ಅಮ್ಮ.

“ಕಟ್ಟಿ ಎಳೆಯೋದಾ?” ಪೀಪಿ ಕೇಳಿದಳು.

“ಅಲ್ವೇ, ಒಳಗಿಂದ ತಳ್ಳೋದು. ಹೆಡ್ಡಲ್ಲಿರೋ ಸ್ಪಾರ್ಕ್ ಪ್ಲಗ್ ಬಿಚ್ಚಿ, ಆ ತೂತಿಗೆ ಹಗ್ಗ ತುಂಬಿಸಿ ಇಂಜಿನ್ ತಿರುಗಿಸಿದ್ರೆ, ಒಳಗೆ ಮೇಲೆ ಕೆಳಗೆ ಓಡಾಡೋ ಪಿಸ್ಟನ್ ಮೇಲೆ ಬಂದು ಹಗ್ಗಾನ ಒತ್ತುತ್ತೆ, ಹಗ್ಗ ಹೆಡ್ಡನ್ನ ಒತ್ತುತ್ತೆ. ಹಗ್ಗ ಮೆತ್ತಗಲ್ವಾ, ಎಲ್ಲೂ ಗೀರಾಗಲ್ಲ.”

ಮಾಮ ಗ್ಯಾರೇಜೆಲ್ಲ ತಡಕಾಡಿದ. ಒಂದು ಹಗ್ಗ ತೂತಿಗಿಂತ ದಪ್ಪ. ಇನ್ನೊಂದು ಮುಟ್ಟಿದರೆ ನಾರು ನಾರಾಗಿ ಉದುರುತ್ತಿತ್ತು. ಭಾನುವಾರ ಬೇರೆ, ಅಂಗಡಿಗಳೆಲ್ಲ ಬಾಗಿಲು ಹಾಕಿದ್ದವು. ಆಗ ಅವನ ಕಣ್ಣು ಪೀಪಿಯ ಕೈಯಲ್ಲಿದ್ದ ತೆಳ್ಳನೆಯ ಹತ್ತಿ ಹಗ್ಗದ ಮೇಲೆ ಬಿತ್ತು.

ಪೀಪಿ ಅದನ್ನು ಬೆನ್ನ ಹಿಂದೆ ಬಚ್ಚಿಟ್ಟಳು. “ನಾಳೆ ನಂಗೆ ಸ್ಕಿಪ್ಪಿಂಗ್ ಕಾಂಪಿಟೇಶನ್! ಬೇರೆ ಹಗ್ಗದಲ್ಲಿ ನಂಗೆ ಆಡೋಕೇ ಬರಲ್ಲ.”

“ಬಿಡೋ, ಅದು ಅವಳದು,” ಅಂದಳು ಅಮ್ಮ.

ಅಷ್ಟರಲ್ಲಿ ನರ್ಸಮ್ಮ ನಡೆದುಕೊಂಡು ಬಂದರು. ಬಿಚ್ಚಿಟ್ಟ ಇಂಜಿನ್ ನೋಡಿ ಅವರಿಗೆ ಅರ್ಥವಾಯಿತು. “ಪರವಾಗಿಲ್ಲಮ್ಮ, ದೇವರು ಕಾಲು ಕೊಟ್ಟಿದ್ದಾನೆ, ಕತ್ತಲಿರೋವಾಗ್ಲೇ ಹೊರಡ್ತೀನಿ. ನನ್ನ ಬ್ಯಾಗೊಂದು ಕೊಡು ಮರಿ.”

ಪೀಪಿ ಹಿಂದಿನ ಬಾಗಿಲು ತೆಗೆದಳು. ಸೀಟನ್ನು ನೋಡಿ ಮುಖ ಊದಿಸಿಕೊಂಡಳು. “ನರ್ಸಮ್ಮ, ನಾನು ನಿಜವಾಗ್ಲೂ ಅಷ್ಟು ಕಿರುಚಿದ್ನಾ?”

“ಕಿರುಚೋದಾ? ಅಯ್ಯೋ ನನ್ನ ಬಂಗಾರಿ, ನೀನು ಅಳಲೇ ಇಲ್ಲ! ಹೊರಗೆ ಕೊರೆಯೋ ಚಳಿ. ನೀನೂ ತಣ್ಣಗಿದ್ದೆ. ನಾನು ಇಂಜಿನ್ ಓಡ್ತಾ ಇರೋ ಹಾಗೇ ಬಿಟ್ಟು ಹೀಟರ್ ಹಾಕಿ, ನಿನ್ನ ಬೆನ್ನು ಉಜ್ಜಿದೆ, ಉಜ್ಜಿದೆ, ಉಜ್ಜುತ್ತಾನೇ ಇದ್ದೆ. ಆಮೇಲೆ ಸಣ್ಣಗೆ ಒಂದು ‘ಪೀ’ ಅಂದೆ ನೋಡು! ನಿಮ್ಮಮ್ಮ ಅಳ್ತಾ ನಗ್ತಾ ‘ಪೀಪಿ, ನನ್ನ ಪೀಪಿ’ ಅಂದ್ಲು.”

ಪೀಪಿ ಅಮ್ಮನ ಕಡೆ ತಿರುಗಿದಳು. ಅಮ್ಮ ಒರೆಸಿದ ಸ್ಪ್ಯಾನರನ್ನೇ ಮತ್ತೆ ಒರೆಸುತ್ತಿದ್ದಳು. “ನೀನು ಹೆದರ್ತೀಯ ಅಂತ ಅಷ್ಟನ್ನ ಮಾತ್ರ ಹೇಳಿರ್ಲಿಲ್ಲ ಪುಟ್ಟ.”

ಪೀಪಿ ಇಂಜಿನ್ನಿನ ಹತ್ತಿರ ಹೋದಳು. ಮೆಲ್ಲಗೆ ಅದನ್ನು ಮುಟ್ಟಿದಳು. ಪಾಪ, ಈಗ ಅದೇ ತಣ್ಣಗಿತ್ತು. ಅವಳು ಹಗ್ಗದ ಹಿಡಿಯ ಗಂಟನ್ನು ಹಲ್ಲಿನಿಂದ ಕಚ್ಚಿ ಬಿಚ್ಚಿದಳು.

“ಮಾಮಾ, ತಗೋ. ಈಗ ತೂತಲ್ಲಿ ಹೋಗುತ್ತೆ.”

ಹೆಡ್ಡು ಒಮ್ಮೆಲೇ ಹಾರದಿರಲೆಂದು ಅಮ್ಮ ಬೋಲ್ಟುಗಳನ್ನು ಸಡಿಲವಾಗಿ ಸಿಕ್ಕಿಸಿದಳು. ಪೀಪಿಯೇ ಹಗ್ಗ ತುಂಬಿದಳು.

“ಬಾಲ ಹೊರಗಿರ್ಲಿ ಕಣೇ. ಇಲ್ದಿದ್ರೆ ತೆಗೆಯೋಕೆ ನಿನ್ನನ್ನೇ ಒಳಗೆ ಕಳಿಸ್ಬೇಕಾಗುತ್ತೆ,” ಅಂದ ಮಾಮ.

ಅಮ್ಮ ಉದ್ದನೆಯ ಸ್ಪ್ಯಾನರ್ ಹಾಕಿ ಇಂಜಿನ್ನನ್ನು ನಿಧಾನಕ್ಕೆ ತಿರುಗಿಸಿದಳು. ಒಂದು ಕಡೆ ಅದು ಗಟ್ಟಿಯಾಗಿ ನಿಂತಿತು. ಅಮ್ಮ ಉಸಿರು ಬಿಗಿಹಿಡಿದು ಇನ್ನೊಂಚೂರು ಒತ್ತಿದಳು.

ಟಪ್!

“ಎದ್ದ! ಎದ್ದ ನೋಡು ಸೋಮಾರಿ!” ಮಾಮ ಕುಣಿದೇಬಿಟ್ಟ.

ಹಗ್ಗ ಅಪ್ಪಚ್ಚಿಯಾಗಿ, ಕರ್ರಗೆ ಹೊರಗೆ ಬಂತು. ನರ್ಸಮ್ಮ ಪೀಪಿಯ ಕೆನ್ನೆ ಹಿಡಿದು, “ನಿನ್ನ ಉಪಕಾರ ಹೇಗೆ ತೀರಿಸ್ಲಿ?” ಅಂದರು.

“ನಾಳೆ ಹುಟ್ಟೋ ಆ ಪಾಪು ಅತ್ತಿತಾ ಅಂತ ನಂಗೆ ಹೇಳ್ಬೇಕು.”

“ಅತ್ತರೆ, ವಾಪಸ್ ಬರೋವಾಗ ಸ್ಕೂಲ್ ಮುಂದೆ ಹಾರನ್ ಹೊಡೀತೀನಿ. ಆಯ್ತಾ?”

ಮರುದಿನ ಸ್ಕೂಲಿನ ಮೈದಾನದಲ್ಲಿ ಪೀಪಿ ಅದೇ ಹಗ್ಗ ಹಿಡಿದು ನಿಂತಳು. ಎಷ್ಟು ಸೋಪು ಹಾಕಿ ತಿಕ್ಕಿದ್ದರೂ ಕಪ್ಪು ಹೋಗಿರಲಿಲ್ಲ. ಆದರೂ ಅವಳು ಚೆನ್ನಾಗಿಯೇ ಹಾರುತ್ತಿದ್ದಳು. ಅವಳೂ ಸೇರಿ ಇನ್ನು ಇಬ್ಬರೇ ಉಳಿದಿದ್ದರು.

“ಪೀಂ... ಪೀಂ ಪೀಂ!”

ಪೀಪಿಯ ಕಾಲಿಗೆ ಹಗ್ಗ ತೊಡರಿತು.

“ಔಟ್! ಏ ಪೀಪಿ, ನಿನ್ನ ಕಾರು ಕರೀತಿದೆ!” ಮಕ್ಕಳೆಲ್ಲ ಹೋ ಅಂತ ನಕ್ಕರು.

ಪೀಪಿ ಗೇಟಿನ ಕಡೆ ಓಡಿ, ಕಪ್ಪು ಹಗ್ಗವನ್ನು ಎತ್ತಿ ಎತ್ತಿ ಬೀಸಿದಳು. ಕಾರು ತಿರುವಿನಲ್ಲಿ ಮರೆಯಾಗುವವರೆಗೂ ಬೀಸುತ್ತಲೇ ಇದ್ದಳು.

“ಅತ್ತಿತು,” ಅಂದಳು ಮೆಲ್ಲಗೆ.