ಟ್ರಾಲಿಗೆ ಬಡಿದ ಇತಿಹಾಸ

ಟ್ರ್ಯಾಕ್ಟರ್ ನಿಲ್ಲಲಿಲ್ಲ!

ನಾನು ಟ್ರಾಲಿಯ ಹಿಂದಿನ ಬಾಗಿಲಿಗೆ ಜೋತುಬಿದ್ದಿದ್ದೆ. ಎಡಗೈಯಲ್ಲಿ ಸರಪಳಿ. ಬಲಗೈಯಲ್ಲಿ ಸ್ಕ್ರೂಡ್ರೈವರ್. ಕೆಳಗೆ ಕೊಟ್ಟೂರಿನಿಂದ ಹರಪನಹಳ್ಳಿಗೆ ಹೋಗುವ ರಸ್ತೆ... ರಸ್ತೆಗಿಂತ ಗುಂಡಿಗಳೇ ಜಾಸ್ತಿ.

"ಯಾವನಲೇ ಅವ್ನು? ಮೆಕ್ಕಿಜ್ವಾಳ ಕದಿಯಾಕ ಹತ್ಯಾನ!" ಡ್ರೈವರ್ ಕೊಟ್ರಸ್ವಾಮಿ ತಿರುಗಿ ಕೂಗಿದ. ಇನ್ನೂ ಜೋರಾಗಿ ಓಡಿಸಿದ.

"ನಿನ್ನ ಜ್ವಾಳ ಯಾರಿಗೆ ಬೇಕೋ ಮಾರಾಯ!"

ನನಗೆ ಬೇಕಾಗಿದ್ದು ಟ್ರಾಲಿಯ ಬೆನ್ನಿಗೆ ಸ್ಕ್ರೂ ಹಾಕಿ ಬಿಗಿದಿದ್ದ ಒಂದು ಡಿಸ್ಕ್. ಅಲ್ಲಿದ್ದದ್ದು ಎರಡು! ಎರಡರದ್ದೂ ಹೊಳೆಯುವ ಮೈ ಹೊರಗೆ, ಚಿತ್ರದ ಮೈ ಒಳಗೆ. ಒಂದನ್ನು ಕಿತ್ತು ತಿರುಗಿಸಿದೆ.

ಯಾರದೋ ಮದುವೆ ವಿಡಿಯೊ. ಬಿಸಾಡಿದೆ.

ಹಿಂದಿನಿಂದ ಸ್ಕೂಟಿ ಹಾರ್ನ್. ಹುಡುಗಿಯೊಬ್ಬಳು ಬೆನ್ನಟ್ಟಿ ಬರುತ್ತಿದ್ದಳು.

"ಅದನ್ನ ಮುಟ್ಟಬ್ಯಾಡ್ರೀ!"

ಇರಿ. ಇದು ಶುರುವಾದದ್ದು ಬೆಳಿಗ್ಗೆ ಹತ್ತಕ್ಕೆ. ಅದನ್ನು ಹೇಳದಿದ್ದರೆ ನೀವೂ ನನ್ನನ್ನು ಜೋಳದ ಕಳ್ಳ ಅಂದುಕೊಳ್ಳುತ್ತೀರಿ.

ನಾನು ಸುಂಕಪ್ಪ. ಒಂದು ಕಾಲಕ್ಕೆ ಕೊಟ್ಟೂರಿಗೆಲ್ಲ ಸಿ.ಡಿ. ಬಾಡಿಗೆ ಕೊಡುತ್ತಿದ್ದವನು. ಆ ಧಂದೆ ಸತ್ತ ಮೇಲೆ ಕಳೆದುಹೋದದ್ದನ್ನು ಹುಡುಕಿಕೊಡುತ್ತೇನೆ. ಬೈಕು, ಎಮ್ಮೆ, ಓಡಿಹೋದ ಅಳಿಯ... ಯಾವುದಾದರೂ ಸರಿ.

ಕರಡಿ ಗೇಮ್ಸ್ ಕಂಪನಿಯ ಎಂ.ಡಿ. ಗವಿಸಿದ್ದೇಶ್ ನನ್ನನ್ನು ಕರೆಸಿದ್ದ. ಅವರ 'ಕರಡಿ ಓಟ' ಈಗ ಎಲ್ಲರ ಮೊಬೈಲಿನಲ್ಲೂ ಇದೆ. ಅವತ್ತು ನಾಲ್ಕು ಗಂಟೆಗೆ ಕಂಪನಿಗೆ ಬಂಡವಾಳ ಹಾಕಲು ಹುಬ್ಬಳ್ಳಿಯಿಂದ ಮೇಡಮ್ ಒಬ್ಬರು ಬರುವವರಿದ್ದರು. ಅವರಿಗೆ ತೋರಿಸಲು ಬಂಗಾರದ ಬಣ್ಣದ ಡಿಸ್ಕ್ ತಯಾರಾಗಿತ್ತು. ಮೇಲೆ 'ಇಪ್ಪತ್ತೈದು ವರ್ಷದ ಹೆಜ್ಜೆಗಳು' ಅಂತ ಅಚ್ಚಾಗಿತ್ತು.

"ಕಂಪನಿಗೆ ನಾಲ್ಕೇ ವರ್ಷ ಅಲ್ಲೇನ್ರಿ?"

"ಬಸ್‌ಸ್ಟ್ಯಾಂಡ್ ಹತ್ರ ನಮ್ಮ ಮಾವಂದು ವಿಡಿಯೊ ಗೇಮ್ ಅಂಗಡಿ ಇತ್ತಲ್ಲ, ಅದನ್ನೂ ಸೇರ್ಸೀನಿ. ಇತಿಹಾಸ ಅಂದ್ರ ಉದ್ದ ಇರಬೇಕು."

"ಪೆನ್‌ಡ್ರೈವ್ ಸಾಕಾಗಿತ್ತು..."

"ಪೆನ್‌ಡ್ರೈವ್ ಯಾರಾದ್ರೂ ಕೊಡ್ತಾರ. ಹಾರ, ಶಾಲು, ಡಿಸ್ಕ್... ಸನ್ಮಾನ ಅಂದ್ರ ಅದು!"

ಕವರಿನ ಮೇಲೆ ಎಂಟನೇ ಕ್ಲಾಸಿನ ಗವಿಸಿದ್ದೇಶ್ ಕೂತು ಆಟ ತಯಾರಿಸುತ್ತಿದ್ದಾನೆ. ಎ.ಐ. ಮಾಡಿಕೊಟ್ಟ ಫೋಟೊ. ಕೈಗೆ ಆರು ಬೆರಳು!

ಆಟವನ್ನು ನಿಜವಾಗಿ ಮಾಡಿದ್ದು ಅಲ್ಲೇ ಕೆಲಸಕ್ಕಿದ್ದ ಜರೀನಾ. ಗ್ಯಾರೇಜಿನ ಕಮಾಲಸಾಬರ ಮಗಳು. ಹೋದ ವರ್ಷ ಆಟ ಬಿಡುಗಡೆ ಮಾಡುವಾಗ ಹಂಚಿದ ಡಿಸ್ಕಿನಲ್ಲಿ ಗವಿಸಿದ್ದೇಶನೇ ಕ್ಯಾಮೆರಾ ಮುಂದೆ ಹಾಗಂತ ಹೇಳಿದ್ದ. ಆಗ ಆಟ ಓಡುತ್ತದೋ ಮಲಗುತ್ತದೋ ಗೊತ್ತಿರಲಿಲ್ಲ. ಮಲಗಿದರೆ ಅವಳ ಹೆಸರು ಕೆಡಲಿ ಎಂಬ ದೂರದೃಷ್ಟಿ! ಆಟ ಓಡಿಬಿಟ್ಟಿತು. ಹಳೆಯ ಡಿಸ್ಕುಗಳನ್ನೆಲ್ಲ ಸುಡಿಸಿದ. ಒಂದು ಮಾತ್ರ ಜರೀನಾಳ ಮನೆಯಲ್ಲಿ ಉಳಿದಿತ್ತು.

"ಅದನ್ನ ನನಗ ತಂದುಕೊಡು. ನನ್ನ ಕೈಯಾರೆ ಮುರೀಬೇಕು. ಇಲ್ಲಾಂದ್ರ ಈ ಊರಾಗ ನಿನಗೊಂದು ಕೆಲಸ ಸಿಗದಂಗ ಮಾಡ್ತೀನಿ. ಬರೋವಾಗ ನಿನ್ನ ಡಿವಿಡಿ ಪ್ಲೇಯರ್ರೂ ತಗಂಡು ಬಾ. ನಮ್ಮ ಲ್ಯಾಪ್‌ಟಾಪಿನಾಗ ಡಿಸ್ಕ್ ಹಾಕೋ ಜಾಗ ಇಲ್ಲ."

ಆರು ಲ್ಯಾಪ್‌ಟಾಪ್... ಒಂದರಲ್ಲೂ ಇಲ್ಲ!

ಸೀದಾ ಕಮಾಲಸಾಬರ ಗ್ಯಾರೇಜಿಗೆ ಹೋದೆ. ಟ್ರಾಲಿಯೊಂದಕ್ಕೆ ವೆಲ್ಡಿಂಗ್ ಮಾಡುತ್ತಿದ್ದರು.

"ಚಾಚಾ, ಕರಡಿ ಚಿತ್ರದ ಡಿಸ್ಕ್ ಐತೇನ್ರಿ ಮನ್ಯಾಗ?"

"ಕಪಾಟಿನ ಮ್ಯಾಲೆ ಸುಮ್ನ ಬಿದ್ದಿತ್ತಪ. ಈಗಷ್ಟ ಹೊಂಟುಹೋದ ಚಿಗಟೇರಿ ಕೊಟ್ರಸ್ವಾಮಿ ಟ್ರಾಲಿಗೆ ಬಡದೀನಿ. ಅದಕ್ಕ ಹಿಂದ ಲೈಟಿಲ್ಲ ನೋಡು. ಹಿಂದಿನ ಗಾಡಿ ಬೆಳಕು ಬಿದ್ರ ಮಿಂಚ್ತತಿ!"

ನಮ್ಮ ಕಡೆ ಡಿಸ್ಕಿಗೆ ಮೋಕ್ಷ ಸಿಗುವುದೇ ಹಾಗೆ. ನೂರು ದಿನ ಓಡಿದ ಸಿನಿಮಾ ಆದರೂ ಕಡೆಗೆ ಟ್ರಾಲಿಯ ಬೆನ್ನಿಗೇ.

ನಾನು ಓಡಿಹೋಗಿ ಜೋತುಬಿದ್ದದ್ದು ಆ ಟ್ರಾಲಿಗೇ. ಈಗ ಮತ್ತೆ ರಸ್ತೆಗೆ ಬನ್ನಿ. ದೊಡ್ಡ ಗುಂಡಿ ಬಂತು. ಎರಡನೇ ಡಿಸ್ಕ್ ನನ್ನ ಕೈಗೆ ಬಂತು. ನಾನು ನೆಲಕ್ಕೆ ಬಂದೆ!

ಮೊಣಕೈ ಚರ್ಮ ಕಿತ್ತುಹೋಗಿತ್ತು. ಡಿಸ್ಕ್ ತಿರುಗಿಸಿದೆ. ಕರಡಿ ನನ್ನನ್ನು ನೋಡಿ ಹಲ್ಲು ಕಿರಿಯಿತು. ಸ್ಕೂಟಿ ನಿಂತಿತು.

"ಸುಂಕಪ್ಪಣ್ಣ, ಅಬ್ಬಾ ಫೋನ್ ಮಾಡಿ ಹೇಳಿದ್ರು. ಕೊಡ್ರಿ ಅದನ್ನ." ಜರೀನಾ ಕೈ ಚಾಚಿದಳು.

"ಕೊಡಾಕ ಬರಲ್ಲವ್ವ. ಮಾತು ಕೊಟ್ಟೀನಿ."

"ಇವತ್ತು ಮೇಡಮ್ ಸಹಿ ಹಾಕಿದ್ರ ನಾಳಿಂದ ಬರಬ್ಯಾಡ ಅಂದಾರ ನನಗ. ಮೂರು ವರ್ಷ ಕುಂತು ಮಾಡೀನಿ ಆ ಕರಡಿನ. ನನ್ನ ಹೆಸರು ಇರೋದು ಅದೊಂದರಾಗ."

"ಜ್ವಾಪಾನ ಇಟ್ಕಾಬೇಕಿತ್ತು."

"ಅಬ್ಬಾಗ ಹೇಳಿದ್ದೆ, ನಾಕು ಮಂದಿಗೆ ಕಾಣಂಗ ಇಡ್ರಿ ಅಂತ!"

ನಗು ಬರಬೇಕಿತ್ತು. ಬರಲಿಲ್ಲ. ಅವಳ ಕಣ್ಣು ತುಂಬಿತ್ತು. ನನಗೆ ನನ್ನ ಮೇಲೇ ಹೇಸಿಗೆಯಾಯಿತು. ಆದರೂ ಡಿಸ್ಕನ್ನು ಅಂಗಿಯೊಳಗೆ ತುರುಕಿಕೊಂಡು ಎದುರಿಗೆ ಬಂದ ಬಸ್ಸಿಗೆ ಕೈ ಮಾಡಿದೆ.

ನಾಲ್ಕಕ್ಕೆ ಐದು ನಿಮಿಷ. ಪ್ಲೇಯರ್ ಹೊತ್ತು ಹಾಲ್ ಹೊಕ್ಕೆ. ಮೇಡಮ್ ಆಗಲೇ ಬಂದು ಕೂತಿದ್ದರು. ಹಾರ ಹಾಕಿ ಶಾಲು ಹೊದಿಸಿ ಆಗಿತ್ತು. ಕೊನೆಯ ಸಾಲಿನ ಹಿಂದೆ ಜರೀನಾ, ಸ್ಕೂಟಿ ಕೀ ಹಿಡಿದು ನಿಂತಿದ್ದಳು.

ಗವಿಸಿದ್ದೇಶ್ ಹತ್ತಿರ ಬಂದ. ಹಲ್ಲು ಮೇಡಮ್ ಕಡೆಗೆ, ಮಾತು ನನ್ನ ಕಡೆಗೆ.

"ಸಿಕ್ತಾ?"

"ಸಿಕ್ತು."

"ಕೊಡಲೇ!"

"ಮೇಡಮ್ ನೋಡಾಕ ಹತ್ಯಾರ..."

ಅವನು ಬೆವರು ಒರೆಸಿಕೊಂಡ. ಬಂಗಾರದ ಡಿಸ್ಕನ್ನು ನನ್ನ ಕೈಗಿಟ್ಟ. "ಇದನ್ನ ಹಾಕು. ಆ ಹಳೇದನ್ನ ಆಮ್ಯಾಲೆ ಮುರೀತೀನಿ."

ಈಗ ನನ್ನ ಹತ್ತಿರ ಎರಡು ಡಿಸ್ಕ್. ಒಂದು ಫಳಫಳ ಅನ್ನುತ್ತಿತ್ತು. ಇನ್ನೊಂದಕ್ಕೆ ಮೈತುಂಬ ಗೀರು, ನಡುವೆ ಸ್ಕ್ರೂವಿನ ತುಕ್ಕು.

ಗೀರಿದ್ದನ್ನೇ ಹಾಕಿದೆ.

ಪರದೆಯ ಮೇಲೆ ಕರಡಿ ಓಡಿತು. ಆಮೇಲೆ ಹೋದ ವರ್ಷದ ಗವಿಸಿದ್ದೇಶ್ ಬಂದು ಕೈ ಮುಗಿದ. "ಈ ಆಟವನ್ನು ಪೂರ್ತಿ ಮಾಡಿದವರು ನಮ್ಮ ಜರೀನಾ..."

ಡಿಸ್ಕ್ ಅಲ್ಲೇ ಸಿಕ್ಕಿಕೊಂಡಿತು!

"ಮಾಡಿದವರು ನಮ್ಮ ಜರೀನಾ... ಮಾಡಿದವರು ನಮ್ಮ ಜರೀನಾ... ಮಾಡಿದವರು ನಮ್ಮ ಜರೀನಾ..."

"ಯಾರ್ರೀ ಜರೀನಾ? ಬಂದಾರೇನು?" ಮೇಡಮ್ ಕೇಳಿದರು.

ಕೊನೆಯ ಸಾಲಿನಿಂದ ಒಂದು ಕೈ ಎದ್ದಿತು. ಕೀ ಇದ್ದ ಕೈ. ಮೇಡಮ್ ಶಾಲು ತೆಗೆದು ಕುರ್ಚಿಯ ಮೇಲಿಟ್ಟು ಹಿಂದಿನ ಸಾಲಿಗೆ ನಡೆದರು.

"ಏನು ಮಾಡಿದ್ಯಲೇ ಇದು!" ಗವಿಸಿದ್ದೇಶ್ ನನ್ನ ಕಾಲರ್ ಹಿಡಿದ.

ನಾನು ಪ್ಲೇಯರಿನ ಬಾಗಿಲು ತೆರೆದು ಡಿಸ್ಕ್ ತೆಗೆದೆ. ಇನ್ನೂ ಬೆಚ್ಚಗಿತ್ತು. ಎರಡೂ ಕೈಯಲ್ಲಿ ಹಿಡಿದು ಅವನ ಮುಂದೆ ಚಾಚಿದೆ.

"ಕೈಯಾರೆ ಮುರೀತೀನಿ ಅಂದಿದ್ರಲ್ರಿ... ಮುರೀರಿ, ಈಗ ಎಲ್ಲಾರೂ ನೋಡಾಕ ಹತ್ಯಾರ."